ಬೆಂಗಳೂರು–ಲಂಡನ್ ಹತ್ತೂಕಾಲು ಗಂಟೆ, ಶಿರಸಿಯಿಂದ ಎಷ್ಟು? ವಿಮಾನದ ದೂರ, ಹೊತ್ತು ಲೆಕ್ಕ ಹಾಕುವ ಬಗೆ

ಶಿರಸಿ, ಸಿದ್ದಾಪುರದ ಕಡೆ ಊರಿಗೆ ನಾಲ್ಕು ಮನೆಯಾದರೂ ಮಗನನ್ನೋ ಮಗಳನ್ನೋ ಅಮೆರಿಕಕ್ಕೆ, ಲಂಡನ್ನಿಗೆ ಕಳಿಸಿಕೊಟ್ಟಿವೆ. ಘಟ್ಟ ಇಳಿದರೆ ಭಟ್ಕಳ, ಹೊನ್ನಾವರ, ಕಾರವಾರದಲ್ಲಿ ದುಬೈ, ಮಸ್ಕತ್, ಕುವೈತ್ ಎಂಬ ಹೆಸರುಗಳು ಹುಬ್ಬಳ್ಳಿಯಷ್ಟೇ ಬಳಕೆಯವು. ಹಾಗಾಗಿ ನನಗೆ ಬರುವ ಪ್ರಶ್ನೆಯೂ ಅದೇ: ‘ಅಲ್ಲಿಗೆ ಎಷ್ಟು ದೂರ ಆಗ್ತದೆ? ಎಷ್ಟು ಹೊತ್ತು ಹಿಡೀತದೆ?’ ಫೋನಿನಲ್ಲಿ ನೋಡಿದರೆ ಒಂದು ಲೆಕ್ಕ, ಟಿಕೆಟ್ಟಿನಲ್ಲಿ ಇನ್ನೊಂದು, ಹೋಗಿ ಬಂದ ಪಕ್ಕದ ಮನೆಯವರ ಬಾಯಲ್ಲಿ ಮತ್ತೊಂದು. ಮೂರೂ ಸರಿ ಇರಬಹುದು. ಫೋನು ಹೇಳುವುದು ಎರಡು ನಿಲ್ದಾಣಗಳ ನಡುವಿನ ನೇರ ದೂರ, ಟಿಕೆಟ್ಟಿನದು ವಿಮಾನದ ಹೊತ್ತು, ಪಕ್ಕದ ಮನೆಯವರದು ಬಾಗಿಲಿಂದ ಬಾಗಿಲಿಗೆ ಆದ ಸುಸ್ತಿನ ಲೆಕ್ಕ. ಮೂರನ್ನೂ ನೀವೇ ಹಾಕಿಕೊಳ್ಳುವುದು ಹೇಗೆ ಎಂದು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಬೇಕಾಗುವುದು ಸ್ವಲ್ಪವೇ: ಟಿಕೆಟ್ ಅಥವಾ ಅದರ ವಿವರ, ಫೋನಿನ ಕ್ಯಾಲ್ಕುಲೇಟರ್, ಒಂದು ಹಾಳೆ. ಮನೆಯಲ್ಲಿ ಶಾಲೆಯ ಮಕ್ಕಳ ಗ್ಲೋಬ್ ಇದ್ದರೆ ಒಂದು ಮೊಳ ದಾರವನ್ನೂ ತೆಗೆದಿಟ್ಟುಕೊಳ್ಳಿ.

1. ಯಾವ ನಿಲ್ದಾಣ ಎಂಬುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ

ಊರಿನ ಹೆಸರು ನೋಡಿ ಲೆಕ್ಕ ಶುರು ಮಾಡಬೇಡಿ. ಪ್ರತಿ ವಿಮಾನ ನಿಲ್ದಾಣಕ್ಕೂ ಮೂರಕ್ಷರದ ಗುರುತು ಇರುತ್ತದೆ, ಟಿಕೆಟ್ಟಿನಲ್ಲಿ ಊರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಬೆಂಗಳೂರು ಬಿಎಲ್‌ಆರ್, ಮಂಗಳೂರು ಐಎಕ್ಸ್‌ಇ, ಹುಬ್ಬಳ್ಳಿ ಎಚ್‌ಬಿಎಕ್ಸ್.

ಕಾರವಾರದವರಿಗೆ ದೊಡ್ಡ ಗೊಂದಲ ಗೋವಾದ್ದು. ದಾಬೋಲಿಮ್ ಜಿಒಐ. 2023ರ ಜನವರಿಯಿಂದ ವಿಮಾನಗಳು ಹಾರತೊಡಗಿದ ಮೋಪಾ ಜಿಒಎಕ್ಸ್. ಎರಡರ ನಡುವೆ ನೇರ ಗೆರೆ ಎಳೆದರೇ 40 ಕಿ.ಮೀ., ರಸ್ತೆಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು. ಮೋಪಾ ಇರುವುದು ಗೋವಾದ ಆ ತುದಿಯಲ್ಲಿ, ಮಹಾರಾಷ್ಟ್ರದ ಗಡಿ ಹತ್ತಿರ. ಕಾರವಾರದಿಂದ ಹೊರಟವರು ಗೋವಾವನ್ನು ಉದ್ದಕ್ಕೂ ದಾಟಬೇಕು. ಟಿಕೆಟ್ಟಿನಲ್ಲಿ ‘ಗೋವಾ’ ಎಂದಷ್ಟೇ ಓದಿ ದಾಬೋಲಿಮ್ಮಿಗೆ ಹೋಗಿ ನಿಂತವರು ಇದ್ದಾರೆ.

ದೂರದ ತುದಿಯಲ್ಲೂ ಇದೇ ಕಥೆ. ಲಂಡನ್ ಎಂದರೆ ಹೀಥ್ರೂ, ಗ್ಯಾಟ್‌ವಿಕ್, ಸ್ಟಾನ್‌ಸ್ಟೆಡ್ ಎಲ್ಲವೂ ಹೌದು. ಕೆನಡಾದ ಒಂಟಾರಿಯೋದಲ್ಲೂ ಒಂದು ಲಂಡನ್ ಇದೆ, ಅದಕ್ಕೂ ಒಂದು ವಿಮಾನ ನಿಲ್ದಾಣ. ಕಂಪ್ಯೂಟರ್ ಕೆಲಸದವರ ಸ್ಯಾನ್ ಹೊಸೆ ಕ್ಯಾಲಿಫೋರ್ನಿಯಾದ್ದು, ಎಸ್‌ಜೆಸಿ. ಎಸ್‌ಜೆಒ ಎಂದಿದ್ದರೆ ಅದು ಮಧ್ಯ ಅಮೆರಿಕದ ಕೋಸ್ಟರಿಕಾ. ಒಂದಕ್ಷರ ತಪ್ಪಿದರೆ ದೇಶವೇ ಬದಲು.

2. ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ

ಗೂಗಲ್ ಮ್ಯಾಪ್ಸ್ ತೆರೆದು ನಿಲ್ದಾಣದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಎರಡು ಸಂಖ್ಯೆ ಕಾಣುತ್ತವೆ. ಮೊದಲನೆಯದು ಅಕ್ಷಾಂಶ, ಅಂದರೆ ಸಮಭಾಜಕ ವೃತ್ತದಿಂದ ಎಷ್ಟು ಉತ್ತರ ಅಥವಾ ದಕ್ಷಿಣ. ಎರಡನೆಯದು ರೇಖಾಂಶ, ಲಂಡನ್ನಿನ ಗ್ರೀನಿಚ್‌ನಿಂದ ಎಷ್ಟು ಪೂರ್ವ ಅಥವಾ ಪಶ್ಚಿಮ.

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣ: 13.198, 77.706
ಹೀಥ್ರೂ: 51.470, −0.454
ಸ್ಯಾನ್ ಫ್ರಾನ್ಸಿಸ್ಕೋ: 37.619, −122.375
ದುಬೈ: 25.253, 55.364
ದಾಬೋಲಿಮ್: 15.381, 73.831
ಮಂಗಳೂರು: 12.961, 74.890

ಪಶ್ಚಿಮದ ರೇಖಾಂಶಕ್ಕೆ ಮೈನಸ್ ಇರುತ್ತದೆ, ಅದನ್ನು ಬಿಡಬೇಡಿ. ಸ್ಯಾನ್ ಫ್ರಾನ್ಸಿಸ್ಕೋದ ಮೈನಸ್ ಮರೆತರೆ ಬೆಂಗಳೂರಿನಿಂದ ದೂರ ಸುಮಾರು 5,200 ಕಿ.ಮೀ. ಎಂದು ಬರುತ್ತದೆ. ನೀವು ಹೋಗಿ ಬೀಳುವುದು ಚೀನಾದ ಶಾಂಡೊಂಗ್ ತೀರದ ಪಕ್ಕದ ಸಮುದ್ರಕ್ಕೆ!

3. ನೇರ ದೂರ ಲೆಕ್ಕ ಹಾಕಿ

ಭೂಮಿ ದುಂಡಗಿರುವುದರಿಂದ ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿ ಒಂದು ಬಿಲ್ಲು. ಅದಕ್ಕೆ ಮಹಾವೃತ್ತದ ದೂರ ಎನ್ನುತ್ತಾರೆ: ಭೂಮಿಯನ್ನು ಕಿತ್ತಳೆ ಹಣ್ಣಿನಂತೆ ಸರಿಯಾಗಿ ಎರಡು ಹೋಳು ಮಾಡಿದರೆ ಕೊಯ್ದ ಅಂಚಿನಲ್ಲಿ ಕಾಣುವ ದಾರಿ ಅದು.

ಗ್ಲೋಬ್ ಇದ್ದವರು ಇಲ್ಲೊಂದು ಕೆಲಸ ಮಾಡಿ. ದಾರದ ಒಂದು ತುದಿಯನ್ನು ಹೆಬ್ಬೆರಳಿನಿಂದ ಬೆಂಗಳೂರಿನ ಮೇಲೆ ಒತ್ತಿ, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಒಯ್ದು ಬಿಗಿಯಾಗಿ ಎಳೆಯಿರಿ. ಗೋಡೆಯ ನಕ್ಷೆ ನೋಡಿ ಅಭ್ಯಾಸವಾದ ಕಣ್ಣು ಪೆಸಿಫಿಕ್ ಸಾಗರದ ನಡುವೆ ದಾರ ಹಾಯಬೇಕು ಎನ್ನುತ್ತದೆ. ದಾರ ಕೇಳುವುದಿಲ್ಲ, ಮೇಲಕ್ಕೆ ಜಾರಿ ಸೈಬೀರಿಯಾದ ಉತ್ತರದ ಅಂಚು ಹಿಡಿದು ಅಲಾಸ್ಕಾದ ಮೇಲಿಂದ ಇಳಿಯುತ್ತದೆ. ಎಳೆದು ಕೆಳಗೆ ತಂದರೆ ಸಡಿಲಿಸಬೇಕಾಗುತ್ತದೆ, ಅಂದರೆ ದಾರಿ ಉದ್ದವಾಯಿತು. ಮಕ್ಕಳಿಗೆ ಇದನ್ನು ತೋರಿಸಿದ ಮೇಲೆ ಸೂತ್ರದ ಅಗತ್ಯವೇ ಬೀಳುವುದಿಲ್ಲ. ದಾರವನ್ನು ಹಾಗೇ ತೆಗೆದು ಸಮಭಾಜಕ ವೃತ್ತದ ಮೇಲೆ ಸುತ್ತಿ ಅಳೆಯಿರಿ. ಪೂರ್ತಿ ಸುತ್ತು 40,075 ಕಿ.ಮೀ., ಅದರಲ್ಲಿ ನಿಮ್ಮ ದಾರ ಎಷ್ಟು ಪಾಲೋ ಅಷ್ಟು ದೂರ.

ಸರಿಯಾದ ಅಂಕಿಯೇ ಬೇಕು ಎನ್ನುವವರು ಫೋನನ್ನು ಅಡ್ಡ ಹಿಡಿದರೆ ಕ್ಯಾಲ್ಕುಲೇಟರಿನಲ್ಲಿ ಸೈನ್, ಕಾಸ್ ಗುಂಡಿಗಳು ಬರುತ್ತವೆ. ಹೈಸ್ಕೂಲಿನ ತ್ರಿಕೋನಮಿತಿ ಸಾಕು. ಬೆಂಗಳೂರು–ಹೀಥ್ರೂ ಹೀಗೆ:

ಮೊದಲು ರೇಖಾಂಶಗಳ ವ್ಯತ್ಯಾಸ: 77.706 − (−0.454) = 78.160.
ಎರಡೂ ಅಕ್ಷಾಂಶಗಳ ಸೈನ್ ಗುಣಿಸಿ: 0.2283 × 0.7823 = 0.1786.
ಎರಡೂ ಅಕ್ಷಾಂಶಗಳ ಕಾಸ್, ಜೊತೆಗೆ 78.160ರ ಕಾಸ್, ಮೂರನ್ನೂ ಗುಣಿಸಿ: 0.9736 × 0.6229 × 0.2052 = 0.1244.
ಎರಡನ್ನೂ ಕೂಡಿಸಿ: 0.3030.
ಈ ಸಂಖ್ಯೆಗೆ ಇನ್ವರ್ಸ್ ಕಾಸ್ ಒತ್ತಿ: 72.36 ಡಿಗ್ರಿ.
ಒಂದು ಡಿಗ್ರಿಗೆ 111.2 ಕಿ.ಮೀ. ಹಿಡಿದು ಗುಣಿಸಿ: 8,046 ಕಿ.ಮೀ.

ತಪ್ಪುವುದು ಹೆಚ್ಚಾಗಿ ಒಂದೇ ಕಡೆ. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿರದೆ ರೇಡಿಯನ್‌ನಲ್ಲಿದ್ದರೆ ಉತ್ತರ ಎಲ್ಲಿಗೋ ಹೋಗುತ್ತದೆ. ಪರೀಕ್ಷೆಗೆ 30ರ ಸೈನ್ ಒತ್ತಿ ನೋಡಿ, 0.5 ಬಂದರೆ ಮುಂದುವರಿಯಿರಿ. ಎಕ್ಸೆಲ್‌ನಲ್ಲಿ ಮಾಡುವವರು ಕೋನಗಳನ್ನು ಮೊದಲು ರೇಡಿಯನ್‌ಗೆ ತಿರುಗಿಸಲೇಬೇಕು, ಅದಕ್ಕೆ ಬೇರೆ ಭಾಷೆ ಗೊತ್ತಿಲ್ಲ. ಇನ್ನೊಂದು ಅಡ್ಡ ಪರೀಕ್ಷೆ: ಭೂಮಿಯ ಮೇಲೆ ಯಾವ ಎರಡು ಜಾಗದ ನಡುವೆಯೂ ನೇರ ದೂರ 20,000 ಕಿ.ಮೀ.ಗಿಂತ ಹೆಚ್ಚೇನೂ ಇರಲಾರದು, ಅದೇ ಅರ್ಧ ಸುತ್ತು.

ಭೂಮಿ ಪೂರ್ತಿ ಗೋಳವಲ್ಲದ ಕಾರಣ ಅರ್ಧ ಶೇಕಡಾದಷ್ಟು ಆಚೀಚೆ ಆಗುತ್ತದೆ. ಬಸ್ ಹಿಡಿಯುವವರಿಗೆ ಅದು ಲೆಕ್ಕಕ್ಕಿಲ್ಲ.

ಇದೇ ರೀತಿ ದಾಬೋಲಿಮ್–ದುಬೈ 2,213 ಕಿ.ಮೀ., ಮಂಗಳೂರು–ದುಬೈ 2,460, ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ 13,990ರ ಆಸುಪಾಸು. ಕೆಲವು ಕಡೆ ದೂರವನ್ನು ಮೈಲಿಯಲ್ಲಿ ಕೊಟ್ಟಿರುತ್ತಾರೆ. ಸಾಮಾನ್ಯ ಮೈಲಿ 1.609 ಕಿ.ಮೀ., ಹಡಗು ಮತ್ತು ವಿಮಾನದವರ ನಾಟಿಕಲ್ ಮೈಲಿ 1.852 ಕಿ.ಮೀ. ಮೀನುಗಾರಿಕೆಯ ಮನೆಯವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ.

4. ದೂರವನ್ನು ಗಂಟೆಗೆ ತಿರುಗಿಸಿ

ದೊಡ್ಡ ವಿಮಾನಗಳು ಮೇಲೇರಿದ ಮೇಲೆ ಗಂಟೆಗೆ 900 ಕಿ.ಮೀ. ಆಸುಪಾಸಿನಲ್ಲಿ ಹಾರುತ್ತವೆ. ಆದರೆ ಏರುವಾಗ, ಇಳಿಯುವಾಗ ನಿಧಾನ, ನೆಲದ ಮೇಲೆ ಓಡಾಟ ಬೇರೆ. ನಾನು ಬಳಸುವ ಕೈಲೆಕ್ಕ: ದೂರವನ್ನು 850ರಿಂದ ಭಾಗಿಸಿ, ಬಂದ ಹೊತ್ತಿಗೆ 45 ನಿಮಿಷ ಕೂಡಿಸಿ.

ಲಂಡನ್: 8,046 ÷ 850 = 9.47 ಗಂಟೆ. ಇದನ್ನು 9 ಗಂಟೆ 47 ನಿಮಿಷ ಎಂದು ಓದಬೇಡಿ, ಬಹಳ ಜನ ಓದುತ್ತಾರೆ. 0.47 ಅನ್ನು 60ರಿಂದ ಗುಣಿಸಿದರೆ 28 ನಿಮಿಷ. 9:28ಕ್ಕೆ 45 ಸೇರಿಸಿ, 10 ಗಂಟೆ 13 ನಿಮಿಷ. ದಾಬೋಲಿಮ್‌ನಿಂದ ದುಬೈಗೆ 3 ಗಂಟೆ 21 ನಿಮಿಷ, ಮಂಗಳೂರಿನಿಂದ 3 ಗಂಟೆ 39. ಸ್ಯಾನ್ ಫ್ರಾನ್ಸಿಸ್ಕೋಗೆ ನಿಲ್ಲದೆ ಹಾರಿದರೆ 17 ಗಂಟೆಯ ಮೇಲೆ ಹದಿಮೂರು ನಿಮಿಷ.

ವಿಮಾನ ಕಂಪನಿ ಟಿಕೆಟ್ಟಿನಲ್ಲಿ ಕೊಡುವ ಹೊತ್ತಿಗೆ ಬ್ಲಾಕ್ ಟೈಮ್ ಎನ್ನುತ್ತಾರೆ. ನಿಂತ ಜಾಗದಿಂದ ವಿಮಾನ ಹಿಂದೆ ಸರಿದ ಕ್ಷಣದಿಂದ ಆ ಕಡೆ ನಿಂತ ಜಾಗಕ್ಕೆ ಬಂದು ಸೇರುವವರೆಗಿನ ಹೊತ್ತು ಅದು. ಗಾಳಿಯಲ್ಲಿ ಹಾರುವುದು ಅದಕ್ಕಿಂತ ಕಡಿಮೆ.

ಹೋಗುವಾಗ ಒಂದು ಹೊತ್ತು, ಬರುವಾಗ ಒಂದು ಏಕೆ ಎಂದು ಕೇಳುತ್ತೀರಿ. ವಿಮಾನ ಹಾರುವ ಎತ್ತರದಲ್ಲಿ, ನೆಲದಿಂದ ಹತ್ತು ಕಿ.ಮೀ. ಮೇಲೆ, ಪಶ್ಚಿಮದಿಂದ ಪೂರ್ವಕ್ಕೆ ನದಿಯಂತೆ ಹರಿಯುವ ಜೋರುಗಾಳಿ ಇದೆ, ಅದೇ ಜೆಟ್ ಸ್ಟ್ರೀಮ್. ಚಳಿಗಾಲದಲ್ಲಿ ಅದರ ರಭಸ ಹೆಚ್ಚು. ಲಂಡನ್ನಿಗೆ ಹೋಗುವಾಗ ಎದುರಾಗಿ ತಡೆಯುತ್ತದೆ, ಬರುವಾಗ ಬೆನ್ನು ತಳ್ಳುತ್ತದೆ. ಕಾಳಿ ನದಿಯಲ್ಲಿ ಹೊಳೆಯ ಎದುರು ದೋಣಿ ಹುಟ್ಟು ಹಾಕಿದವರಿಗೆ ಅರ್ಥವಾಗುವ ಮಾತು. ದೂರದ ಹಾರಾಟವಾದರೆ ಅರ್ಧ ಗಂಟೆ ಆಚೀಚೆ ಇಟ್ಟುಕೊಳ್ಳಿ.

ದಾರಿಯೂ ದಾರದಂತೆ ನೆಟ್ಟಗಿರುವುದಿಲ್ಲ. ಯುದ್ಧ, ಜಗಳ ಇದ್ದಲ್ಲಿ ಸುತ್ತು ಹಾಕುತ್ತಾರೆ. 2022ರಿಂದ ಯುರೋಪಿನ ಹೆಚ್ಚಿನ ಕಂಪನಿಗಳಿಗೆ ರಷ್ಯಾದ ಆಕಾಶ ಇಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತೀಯ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿದಾಗ ದೆಹಲಿಯಿಂದ ಯುರೋಪ್, ಅಮೆರಿಕಕ್ಕೆ ಹೋಗುವವು ಅರಬ್ಬಿ ಸಮುದ್ರದ ಮೇಲೆ ಬಳಸಿ ಹೋಗಬೇಕಾಯಿತು. ಗೋವಾ, ಮಂಗಳೂರಿನಿಂದ ದುಬೈಗೆ ಹೋಗುವವರಿಗೆ ಈ ತಲೆಬಿಸಿ ಕಡಿಮೆ, ಅವರ ದಾರಿಯ ಬಹುಪಾಲು ಸಮುದ್ರದ ಮೇಲೆಯೇ. ಈಗಿನ ಪರಿಸ್ಥಿತಿ ತಿಳಿಯಲು ವಿಮಾನಗಳ ಜಾಡು ತೋರಿಸುವ ಫ್ಲೈಟ್‌ರಾಡಾರ್24 ಜಾಲತಾಣದಲ್ಲಿ ನಿಮ್ಮ ವಿಮಾನದ ಸಂಖ್ಯೆ ಹಾಕಿ, ಕಳೆದ ವಾರ ಅದು ನಿಜವಾಗಿ ಎಷ್ಟು ಹೊತ್ತಿಗೆ ಹೊರಟು ಎಷ್ಟು ಹೊತ್ತಿಗೆ ಮುಟ್ಟಿತು ನೋಡಿ. ನನ್ನ ಕೈಲೆಕ್ಕಕ್ಕಿಂತ ಅದನ್ನು ನಂಬಿ.

5. ಟಿಕೆಟ್ಟಿನ ಗಡಿಯಾರ ಓದಿ

ಹೊರಡುವ ಸಮಯ ಹೊರಡುವ ಊರಿನದು, ಮುಟ್ಟುವ ಸಮಯ ಮುಟ್ಟುವ ಊರಿನದು. ಒಂದರಿಂದ ಒಂದನ್ನು ಸೀದಾ ಕಳೆದರೆ ತಪ್ಪು. ಎರಡನ್ನೂ ನಮ್ಮ ಸಮಯಕ್ಕೆ ತನ್ನಿ, ಆಮೇಲೆ ಕಳೆಯಿರಿ.

ದುಬೈ, ಮಸ್ಕತ್ ನಮಗಿಂತ ಒಂದೂವರೆ ಗಂಟೆ ಹಿಂದೆ. ಸೌದಿ, ಕುವೈತ್, ಕತಾರ್, ಬಹ್ರೇನ್ ಎರಡೂವರೆ ಗಂಟೆ ಹಿಂದೆ. ಅಲ್ಲಿ ವರ್ಷವಿಡೀ ಒಂದೇ ಲೆಕ್ಕ. ಲಂಡನ್ ಹಾಗಲ್ಲ: ಚಳಿಗಾಲದಲ್ಲಿ ಐದೂವರೆ ಗಂಟೆ ಹಿಂದೆ, ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ನಾಲ್ಕೂವರೆ. ಸ್ಯಾನ್ ಫ್ರಾನ್ಸಿಸ್ಕೋ ಚಳಿಗಾಲದಲ್ಲಿ ಹದಿಮೂರೂವರೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಅಮೆರಿಕದಲ್ಲಿ ಬದಲಾಗುವುದು ಮಾರ್ಚ್ ಎರಡನೇ ಭಾನುವಾರ ಮತ್ತು ನವೆಂಬರ್ ಮೊದಲ ಭಾನುವಾರ. ಇದೇ ಡೇಲೈಟ್ ಸೇವಿಂಗ್, ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುವ ಪದ್ಧತಿ.

ಉದಾಹರಣೆಗೆ ಬೆಂಗಳೂರಿನಿಂದ ಮಧ್ಯಾಹ್ನ 13:00ಕ್ಕೆ ಹೊರಟು ಜೂನ್‌ನಲ್ಲಿ ಲಂಡನ್ನಿಗೆ 18:45ಕ್ಕೆ ಮುಟ್ಟುತ್ತದೆ ಎಂದುಕೊಳ್ಳಿ. ನೋಡಲು ಐದೂಮುಕ್ಕಾಲು ಗಂಟೆ. 18:45ಕ್ಕೆ ನಾಲ್ಕೂವರೆ ಸೇರಿಸಿದರೆ ನಮ್ಮ ರಾತ್ರಿ 23:15, ಅಲ್ಲಿಗೆ ಹತ್ತೂಕಾಲು ಗಂಟೆಯೇ ಆಯಿತು.

ಅಮೆರಿಕದಿಂದ ಬರುವಾಗ ತಾರೀಖೇ ಮೋಸ ಮಾಡುತ್ತದೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಮಹಿಳಾ ತಂಡ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲಿಂದ ಹಾರಿಸಿಕೊಂಡು ಬಂದ ಏರ್ ಇಂಡಿಯಾ ವಿಮಾನ ನಿಮಗೆ ನೆನಪಿರಬಹುದು. ಅದು ಅಲ್ಲಿ ಬಿಟ್ಟದ್ದು 9ರ ರಾತ್ರಿ, ಬೆಂಗಳೂರಲ್ಲಿ ಇಳಿದದ್ದು 11ರ ಬೆಳಗಿನ ಜಾವ. ತಾರೀಖು ಎರಡು ದಿನ ಹೇಳಿದರೂ ಹಾರಿದ್ದು ಹದಿನೇಳು ಗಂಟೆಯಷ್ಟೇ. ಟಿಕೆಟ್ಟಿನಲ್ಲಿ ಸಮಯದ ಪಕ್ಕ ಸಣ್ಣಗೆ +1, +2 ಎಂದಿದ್ದರೆ ಅದು ಇದೇ: ಮುಟ್ಟುವುದು ಮರುದಿನ, ಅದರ ಮರುದಿನ.

ಎಲ್ಲಕ್ಕಿಂತ ಅಪಾಯದ್ದು ನಡುರಾತ್ರಿಯ ವಿಮಾನ. 15ನೇ ತಾರೀಖು 00:55 ಎಂದರೆ 14ರ ರಾತ್ರಿ ಊಟವಾದ ಮೇಲೆ. ನಾನೇ ಒಮ್ಮೆ ಇಂಥ ಟಿಕೆಟ್ಟಿಗೆ 14ರ ರಾತ್ರಿ ಶಿರಸಿ ಬಸ್ಸಿನಲ್ಲಿ ಸೀಟು ಹಿಡಿದಿದ್ದೆ. 14ರ ಮಧ್ಯಾಹ್ನ ತಂಬುಳಿ ಕಲಸುತ್ತಾ ಟಿಕೆಟ್ ಇನ್ನೊಮ್ಮೆ ನೋಡಿದವನು ಕೈ ತೊಳೆದು ಕಾರಿಗೆ ಫೋನ್ ಮಾಡಿದೆ. ವಿಮಾನ ಸಿಕ್ಕಿತು, ಕಾರಿನ ಬಾಡಿಗೆ ಮಾತ್ರ ಇವತ್ತಿಗೂ ನೆನಪಿದೆ.

6. ನಡುವೆ ಇಳಿದು ಹತ್ತುವುದಿದ್ದರೆ

‘ಡೈರೆಕ್ಟ್’ ಎಂದರೆ ನಿಲ್ಲದೆ ಹೋಗುತ್ತದೆ ಎಂದು ಅರ್ಥವಲ್ಲ. ಒಂದೇ ಸಂಖ್ಯೆಯ ವಿಮಾನ ನಡುವೆ ಎಲ್ಲೋ ಇಳಿದು ಮತ್ತೆ ಹಾರಿದರೂ ಅದು ಡೈರೆಕ್ಟೇ. ನಿಲ್ಲದೆ ಹೋಗುವುದು ‘ನಾನ್‌ಸ್ಟಾಪ್’. ವಯಸ್ಸಾದವರಿಗೆ ಟಿಕೆಟ್ ಮಾಡುವಾಗ ಈ ಪದ ನೋಡಿ.

ವಿಮಾನ ಬದಲಿಸುವುದಾದರೆ ಎರಡೂ ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ಸಂಖ್ಯೆಯಲ್ಲಿ ಇರಲಿ. ಆಗ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಬೇರೆ ವ್ಯವಸ್ಥೆ ಮಾಡುವುದು ಕಂಪನಿಯ ಹೊಣೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಅಗ್ಗಕ್ಕೆ ಸಿಕ್ಕಿತು ಎಂದು ಬೇರೆ ಟಿಕೆಟ್ ಮಾಡಿದರೆ ಆ 370 ಕಿ.ಮೀ.ನ ಸಣ್ಣ ಹಾರಾಟ ಮಂಜಿಗೋ ಮಳೆಗೋ ತಡವಾದಾಗ ಲಂಡನ್ ಟಿಕೆಟ್ಟಿನ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಹಾಗೆ ಮಾಡಲೇಬೇಕಾದರೆ ನಡುವೆ ಐದಾರು ಗಂಟೆ ಬಿಡಿ.

ಅಮೆರಿಕದಲ್ಲಿ ಬರೀ ವಿಮಾನ ಬದಲಿಸಿ ಕೆನಡಾಕ್ಕೋ ಮೆಕ್ಸಿಕೋಗೋ ಹೋಗುವವರಿಗೂ ಅಮೆರಿಕದ ವೀಸಾ ಬೇಕು. ಇದು ಗೊತ್ತಿಲ್ಲದೆ ದರ ಕಡಿಮೆ ಇದೆ ಎಂದು ಕೊಂಡು ಕೈ ಸುಟ್ಟುಕೊಳ್ಳಬೇಡಿ.

7. ಮನೆ ಬಾಗಿಲಿಂದ ಲೆಕ್ಕ ಹಾಕಿ

ಇದನ್ನು ವಿಮಾನ ಹೊರಡುವ ಹೊತ್ತಿನಿಂದ ಹಿಂದಕ್ಕೆ ಎಣಿಸಬೇಕು. ವಿಮಾನ 13:00ಕ್ಕೆ. ವಿದೇಶದ ಹಾರಾಟಕ್ಕೆ ಮೂರು ಗಂಟೆ ಮೊದಲು, ಅಂದರೆ 10:00ಕ್ಕೆ ನಿಲ್ದಾಣದಲ್ಲಿರಿ. ಕೌಂಟರ್ ಒಂದು ಗಂಟೆ ಮೊದಲೇ ಮುಚ್ಚುತ್ತಾರೆ. ಬೆಂಗಳೂರಿನಲ್ಲಿ ವಿದೇಶಿ ವಿಮಾನಗಳಿಗೆ ಎರಡನೇ ಟರ್ಮಿನಲ್. ಮೆಜೆಸ್ಟಿಕ್‌ನಿಂದ ಅಲ್ಲಿಗೆ ಬೆಳಗಿನ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಹಿಡಿಯಿರಿ, ಆಯಿತು 8:00. ಬಸ್ ತಡವಾಗುವುದಕ್ಕೆ ಎರಡು ಗಂಟೆ ಬಿಡಿ, 6:00. ಶಿರಸಿಯಿಂದ ಬೆಂಗಳೂರು ರಸ್ತೆಯಲ್ಲಿ 400 ಕಿ.ಮೀ. ಹತ್ತಿರ, ರಾತ್ರಿ ಬಸ್ಸಿಗೆ ಒಂಬತ್ತು ತಾಸು ಇಟ್ಟರೆ ಹಿಂದಿನ ರಾತ್ರಿ 9 ಗಂಟೆಗೆ ಹೊರಡಬೇಕು.

ಆ ಕಡೆ ನಮ್ಮ ಸಮಯ 23:15ಕ್ಕೆ ಇಳಿದು, ಪಾಸ್‌ಪೋರ್ಟ್ ಸಾಲು, ಬ್ಯಾಗು ಎಲ್ಲ ಸೇರಿ ಒಂದೂವರೆ ಗಂಟೆ, ಮಗಳ ಮನೆಗೆ ಒಂದು ಗಂಟೆ. ರಾತ್ರಿ 1:45. ಶಿರಸಿಯ ಹೊಸ್ತಿಲು ದಾಟಿ 28 ಗಂಟೆ 45 ನಿಮಿಷ. ವಿಮಾನ ಹಾರಿದ್ದು ಅದರಲ್ಲಿ ಮೂರರಲ್ಲೊಂದು ಪಾಲು ಚಿಲ್ಲರೆ.

ಕಾರವಾರದವರಿಗೆ ದಾಬೋಲಿಮ್ ಸುಮಾರು 90 ಕಿ.ಮೀ., ಎರಡರಿಂದ ಎರಡೂವರೆ ತಾಸು. ಆದರೆ ಮಳೆಗಾಲದಲ್ಲಿ ಈ ಲೆಕ್ಕ ನೆಚ್ಚಬೇಡಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು 66ನೇ ರಾಷ್ಟ್ರೀಯ ಹೆದ್ದಾರಿ ದಿನಗಟ್ಟಲೆ ಬಂದ್ ಆಯಿತು. ಮೂರು ವಾರಕ್ಕೆ, ಆಗಸ್ಟ್ 7ರ ನಸುಕಿನಲ್ಲಿ, ಕಾಳಿ ನದಿಯ ಹಳೇ ಸೇತುವೆಯೇ ಕುಸಿಯಿತು. ಕುಮಟಾ, ಹೊನ್ನಾವರದಿಂದ ಗೋವಾಕ್ಕೆ ಹೋಗುವವರು ಈ ಎರಡೂ ಜಾಗ ದಾಟಲೇಬೇಕು. ಹುಬ್ಬಳ್ಳಿಗೆ ಹೋಗುವವರಿಗೆ ಅರಬೈಲ್ ಘಟ್ಟದಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ತೆಯ ಹೊತ್ತಿಗೆ ಎರಡು ಗಂಟೆ ಸೇರಿಸುವುದು ನನ್ನ ಪದ್ಧತಿ. ಮುಂಜಾನೆಯ ವಿಮಾನವಾದರೆ ಹಿಂದಿನ ರಾತ್ರಿಯೇ ನಿಲ್ದಾಣದ ಹತ್ತಿರ ಉಳಿಯುತ್ತೇನೆ. ರೈಲಿಗೆ ಹೋಗುವವರು ಕೊಂಕಣ ರೈಲ್ವೆಯ ಮಳೆಗಾಲದ ವೇಳಾಪಟ್ಟಿ ಬೇರೆ ಎಂಬುದನ್ನು ಮರೆಯಬೇಡಿ, ಗಾಡಿಗಳು ನಿಧಾನ ಓಡುತ್ತವೆ. ಅಂಕೋಲಾ ಹತ್ತಿರದ ಅಲಗೇರಿಯಲ್ಲಿ ಆಗಬೇಕಾದ ವಿಮಾನ ನಿಲ್ದಾಣದ ಮಾತು ವರ್ಷಗಳಿಂದ ಕೇಳುತ್ತಿದ್ದೇವೆ. ಅಲ್ಲಿ ವಿಮಾನ ಇಳಿದ ದಿನ ಈ ಹಂತವನ್ನು ಹೊಸದಾಗಿ ಬರೆಯುತ್ತೇನೆ.

ಅಪ್ಪೆಮಿಡಿ ಭರಣಿ ಕೈಚೀಲದಲ್ಲಿ ಬೇಡ. ದೊಡ್ಡ ಬ್ಯಾಗಿನೊಳಗೆ ಎರಡು ಪದರ ಪ್ಲಾಸ್ಟಿಕ್ ಸುತ್ತಿ ಹಾಕಿ, ತಪಾಸಣೆಯಲ್ಲಿ ಕಾಲು ಗಂಟೆ ಉಳಿಯುತ್ತದೆ, ಉಪ್ಪಿನಕಾಯಿಯೂ ಉಳಿಯುತ್ತದೆ.

ವಾಪಸ್ ಬರುವವರಿಗೆ: ಲಂಡನ್ನಿನಿಂದ ಮುಂಬೈ ಮೇಲೆ ಗೋವಾಕ್ಕೆ ಒಂದೇ ಟಿಕೆಟ್ ಇದ್ದರೂ ಬ್ಯಾಗನ್ನು ಸಾಮಾನ್ಯವಾಗಿ ಮುಂಬೈಯಲ್ಲೇ ತೆಗೆದುಕೊಂಡು, ಕಸ್ಟಮ್ಸ್ ದಾಟಿಸಿ, ಮತ್ತೆ ಒಪ್ಪಿಸಬೇಕು. ಇನ್ನೊಂದು ಟರ್ಮಿನಲ್‌ನಿಂದ ಮುಂದಿನ ವಿಮಾನವಾದರೆ ರಸ್ತೆಯಲ್ಲಿ ಹೋಗಬೇಕು. ಮೂರು ಗಂಟೆಗಿಂತ ಕಡಿಮೆ ಅಂತರ ಇದ್ದರೆ ನಾನು ಆ ಟಿಕೆಟ್ ಕೊಳ್ಳುವುದಿಲ್ಲ. ಕರೆದೊಯ್ಯಲು ಬರುವ ಕಾರಿನವನಿಗೆ ನೀವು ಅಲ್ಲಿಂದ ಹೊರಡುವ ತಾರೀಖು ಹೇಳಬೇಡಿ, ಭಾರತದಲ್ಲಿ ಇಳಿಯುವ ತಾರೀಖು ಹೇಳಿ. ವಿಮಾನದ ಸಂಖ್ಯೆಯನ್ನೂ ಕಳಿಸಿ, ದಾಬೋಲಿಮ್ಮೋ ಮೋಪಾವೋ ಎಂದು ಎರಡು ಸಲ ಹೇಳಿ.